ಏರಿಗೆ ಮೂತಿ ಇಟ್ಟ ಟ್ರಕ್ಕು

ಲೆಮ್‌ಹೈ ಕಣಿವೆ, ಐಡಾಹೊ
ಫೆಬ್ರವರಿ ೧೭, ಮಂಗಳವಾರ ಮಧ್ಯಾಹ್ನ

ಥೇನ್,

ಈ ಪತ್ರವನ್ನು ಗಣಿಯ ಊಟದ ಮನೆಯಲ್ಲಿ ಹತ್ತು ಜನರ ನಡುವೆ ಕೂತು ತೆಗೆಯಬೇಡ. ನಿನ್ನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಬೂಟು ಬಿಚ್ಚಿ ಕೂತು ಓದು. ಮೊದಲೇ ಹೇಳಿಬಿಡುತ್ತೇನೆ: ಟಿಲ್ಲಿ ಚೆನ್ನಾಗಿದ್ದಾಳೆ. ಪಕ್ಕದ ಕೋಣೆಯಲ್ಲಿ ಬೋರಲಾಗಿ, ಕುಂಡೆ ಮೇಲೆತ್ತಿಕೊಂಡು ಮಲಗಿದ್ದಾಳೆ. ಮೈಮೇಲೆ ಒಂದು ಗೀರೂ ಇಲ್ಲ. ಈ ಸಾಲುಗಳನ್ನು ಇನ್ನೊಂದು ಸಲ ಓದಿಕೊಂಡು ಆಮೇಲೆ ಮುಂದೆ ಹೋಗು.

ಇದನ್ನು ಫೋನಿನಲ್ಲಿ ನಾಲ್ಕು ಸಲ ಹೇಳಲು ಹೊರಟೆ. ನಾಲ್ಕು ಸಲವೂ ನೀನು "ಏನೇ, ಎಷ್ಟು ಹಸು ಕರು ಹಾಕಿದ್ವು?" ಅಂದೆ. ನಾನು "ಏಳು", "ಒಂಬತ್ತು" ಅಂತ ಲೆಕ್ಕ ಒಪ್ಪಿಸಿ ಚಳಿಯ ಮಾತಿಗೆ ಜಾರಿಕೊಂಡೆ. ನಿನ್ನ ದನಿ ಕಿವಿಗೆ ಬಿದ್ದರೆ ನನಗೆ ಸುಳ್ಳು ಸಲೀಸಾಗಿ ಬರುತ್ತದೆ. ಕಾಗದದ ಮುಂದೆ ಅಷ್ಟು ಸಲೀಸಲ್ಲ, ಅದು ಸುಮ್ಮನೆ ಕಾಯುತ್ತಾ ಕೂತಿರುತ್ತದೆ.

ಇಪ್ಪತ್ತೆಂಟನೇ ತಾರೀಕು ಶನಿವಾರ ಟಿಲ್ಲಿಗೆ ಎರಡು ತುಂಬುತ್ತದೆ. ಅವತ್ತು ನೀನು ಬಂದು ಅವಳ ಫೋಟೋ ತೆಗೆಯುತ್ತೀಯ. "ಕೆಂಪು ಟೊಪ್ಪಿಗೆ ಒಗೆದಿಡು, ನಮ್ಮ ಗೋಡೆಗೆ ನಾಲ್ಕನೇದು" ಅಂತ ಹೋದ ವಾರ ಎಷ್ಟು ಖುಷಿಯಿಂದ ಹೇಳಿದೆ. ಟೊಪ್ಪಿಗೆ ಒಗೆದಿಟ್ಟಿದ್ದೇನೆ. ಆದರೆ ಆ ಫೋಟೋ ತೆಗೆಯಬೇಡ, ಥೇನ್. ಅವಳನ್ನು ಆ ಟ್ರಕ್ಕಿನಲ್ಲಿ ಒಬ್ಬಳನ್ನೇ ನಿಲ್ಲಿಸಬೇಡ. ಈ ಪತ್ರ ಬರೆಯುತ್ತಿರುವುದು ಇದನ್ನು ಕೇಳುವುದಕ್ಕೆ. ಯಾಕೆ ಅನ್ನುವುದನ್ನು ಹೇಳದೆ ಕೇಳಿದರೆ ನೀನು ನಗುತ್ತೀಯ, ಆದ್ದರಿಂದ ಹೇಳುತ್ತೇನೆ.

ಹಜಾರದ ಗೋಡೆಯ ಆ ಮೂರು ಫೋಟೋಗಳ ಮುಂದೆ ದಿನಕ್ಕೆ ಹತ್ತು ಸಲ ನಿಲ್ಲುತ್ತೇನೆ. ನಿನ್ನ ಅಣ್ಣಂದಿರಿಬ್ಬರು ಹಳೆಯ ಟ್ರಕ್ಕಿನಲ್ಲಿ, ನೀನು ಇದೇ ಟ್ರಕ್ಕಿನಲ್ಲಿ. ಮೂವರೂ ಎರಡು ತುಂಬಿದ ದಿನ ಸೀಟಿನ ಮೇಲೆ ನಿಂತು ಸ್ಟೀರಿಂಗ್ ಹಿಡಿದಿದ್ದೀರಿ. ಪಕ್ಕದಲ್ಲಿ ದೊಡ್ಡವರು ಯಾರೂ ಇಲ್ಲ. ಟ್ರಕ್ಕು ಮೊದಲ ಗೇರಿನಲ್ಲಿ ಹಿಮದ ಮೇಲೆ ತಾನಾಗಿ ತೆವಳುತ್ತಿದೆ, ಹಿಂದಿನ ಹಲಗೆಯ ಮೇಲೆ ನಿಮ್ಮಪ್ಪ ನಿಂತು ಹಸುಗಳಿಗೆ ಹುಲ್ಲು ತಳ್ಳುತ್ತಿದ್ದಾರೆ. ನಿಮಗೆಲ್ಲ ಇದು ಹಲ್ಲುಜ್ಜಿದಷ್ಟು ಸಹಜ. ನಾನು ಬಾಯ್ಸಿಯಲ್ಲಿ ಬಸ್ಸು ಹತ್ತಿ ಕಾಲೇಜಿಗೆ ಹೋದವಳು. ಮದುವೆಯಾದ ಮೊದಲ ಚಳಿಗಾಲ, ಡ್ರೈವರಿಲ್ಲದ ಟ್ರಕ್ಕು ಹೊಲದ ನಡುವೆ ಹೋಗುವುದನ್ನು ಕಂಡು ಕಿರುಚಿಕೊಂಡು ಅದರ ಹಿಂದೆ ಓಡಿದ್ದೆನಲ್ಲ, ನೆನಪಿದೆಯೆ? ನಿಮ್ಮಪ್ಪ ಹಲಗೆಯ ಮೇಲಿಂದಲೇ "ಓಡ್ಬೇಡಮ್ಮ, ಸುಸ್ತಾಗ್ತೀಯ! ಅದಕ್ಕೆ ನಿನಗಿಂತ ಚೆನ್ನಾಗಿ ದಾರಿ ಗೊತ್ತು" ಅಂದರು. ಕಣಿವೆಯವರು ಒಂದು ವರ್ಷ ಅದನ್ನೇ ಹೇಳಿಕೊಂಡು ನಕ್ಕರು.

ಆಮೇಲೆ ಅವರೇ ನನಗೆ ಕಲಿಸಿದರು. ಗೇರಿಗೆ ಹಾಕಿ ಕ್ಲಚ್ಚು ಬಿಡು, ಆಕ್ಸಿಲರೇಟರ್ ಮುಟ್ಟಬೇಡ. ಸ್ಟೀರಿಂಗಿಗೆ ರಬ್ಬರ್ ಪಟ್ಟಿ ಹಾಕಿ ಬಾಗಿಲ ಹಿಡಿಗೆ ಬಿಗಿ. ಹುಲ್ಲಿನ ಪಿಂಡಿ ಬಿಚ್ಚಿದ ಹುರಿಯನ್ನೆಲ್ಲ ಕೊಕ್ಕೆಗೆ ಸಿಕ್ಕಿಸು, ಪಿಂಡಿಗೆ ಎರಡರಂತೆ ಮನೆಗೆ ಬಂದು ಎಣಿಸು, ಒಂದು ಕಡಿಮೆಯಾದರೂ ಹೊಲಕ್ಕೆ ವಾಪಸ್ ಹೋಗಿ ಹುಡುಕು, ಹುರಿ ನುಂಗಿದ ಹಸು ಉಳಿಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ ನದಿಯ ಏರಿಯದು. "ಹೊರಡೋವಾಗ ಮೂತಿ ಯಾವಾಗ್ಲೂ ಏರಿ ಕಡೆಗೇ ಇರ್ಲಿ. ನಾವು ಹಿಂದೆ ಸತ್ತು ಬಿದ್ರೂ ಅದು ಏರಿಗೆ ಹಣೆ ಚಚ್ಕೊಂಡು ತಾನೇ ನಿಂತ್ಹೋಗುತ್ತೆ." ಮೂವತ್ತು ವರ್ಷ ಆ ಮಣ್ಣಿನ ಏರಿಯೇ ನಿಮ್ಮ ಬ್ರೇಕು. ಸವೆದ ಟೈರು ಏರಿಯ ಬುಡದಲ್ಲಿ ಗಿರ್ರನೆ ಸುತ್ತುತ್ತಿತ್ತು, ಸೋತ ಎಂಜಿನ್ನು ಎರಡು ಸಲ ಗುಟುರು ಹಾಕಿ ಆರಿಹೋಗುತ್ತಿತ್ತು. ನಾನೇ ಕಣ್ಣಾರೆ ಎಷ್ಟು ಸಲ ಕಂಡಿದ್ದೇನೆ.

ಈಗ ನಾವಿಬ್ಬರೂ ಸೇರಿ ಆ ಟ್ರಕ್ಕಿಗೆ ಮಾಡಿದ್ದನ್ನು ನೆನೆಸಿಕೋ.

ಟಿಲ್ಲಿ ಹುಟ್ಟುವ ದಿನ ಘಾಟಿಯಲ್ಲಿ ಹಿಮಕ್ಕೆ ಸಿಕ್ಕಿ ನಿಂತೆವು. ನಲವತ್ತು ನಿಮಿಷ ನೀನು ಸಲಿಕೆ ಹಿಡಿದು ಅಗೆದೆ, ನಾನು ಒಳಗೆ ನೋವು ಎಣಿಸುತ್ತಾ ಕೂತಿದ್ದೆ. ಆಮೇಲೆ ಇನ್ನೊಂದು ಚಳಿಗಾಲ ಈ ಟೈರಿನಲ್ಲಿ ನಾನು ಮಗು ಕಟ್ಟಿಕೊಂಡು ಎಲ್ಲಿಗೂ ಬರುವುದಿಲ್ಲ ಅಂದೆ. ನೀನು ಟ್ರಕ್ಕನ್ನು ಎತ್ತರಿಸಿ, ಸೊಂಟದೆತ್ತರದ ಹಲ್ಲುಹಲ್ಲಿನ ಟೈರು ಹಾಕಿದೆ. ಅವಳಿಗೆ ನಾಯಿ ಬೊಗಳಿದಂಥ ಕೆಮ್ಮು ಬಂದ ಬೆಳಿಗ್ಗೆ ಎಂಜಿನ್ನು ಹಿಡಿಯಲಿಲ್ಲ. ನಾನು ಅತ್ತುಬಿಟ್ಟೆ. ನೀನು ಎರಡು ಹೊಸ ಬ್ಯಾಟರಿ, ಎಂಜಿನ್ನಿಗೆ ಹೀಟರು ಹಾಕಿ, ಚಳಿಗೆ ಆರದಿರಲಿ ಅಂತ, ಆಕ್ಸಿಲರೇಟರ್ ಮುಟ್ಟದೆಯೂ ಎಂಜಿನ್ನು ಜೋರಾಗಿ ಓಡುವ ಹಾಗೆ ಐಡ್ಲಿಂಗ್ ಏರಿಸಿದೆ. ಘಾಟಿ ಹತ್ತುವಾಗ ಮರದ ದಿಮ್ಮಿಯ ಲಾರಿ ನಮ್ಮ ಬೆನ್ನಿಗೇ ಬಂದು ಹಾರನ್ ಹೊಡೆಯಿತು, ನಾನು ಮೂರು ದಿನ ನಡುಗಿದೆ. ನೀನು ಡೀಸೆಲ್ ಪಂಪು ಬಿಚ್ಚಿ ಹೆಚ್ಚು ಎಣ್ಣೆ ಹೋಗುವ ಹಾಗೆ ತಿರುಗಿಸಿದೆ, ದೊಡ್ಡ ಟರ್ಬೊ ಕೂರಿಸಿದೆ. ಕೈಯೆಲ್ಲ ಗ್ರೀಸು, ಮುಖದಲ್ಲಿ ನಗು. "ಇನ್ಮೇಲೆ ಗೋಡೆ ಅಡ್ಡ ಬಂದ್ರೂ ನಿಲ್ಲಲ್ಲ ಕಣೇ ಇದು. ಇನ್ನಾದ್ರೂ ಹೆದ್ರೋದು ಬಿಡ್ತೀಯಾ?" ಅಂದೆ. ಬಿಡುತ್ತೇನೆ ಅಂದೆ ನಾನು. ನಾನು ಒಂದೊಂದೇ ಹೆದರಿಕೆ ಹೇಳುತ್ತಾ ಹೋದೆ, ನೀನು ಒಂದೊಂದಕ್ಕೂ ಬೋಲ್ಟು ಹಾಕಿ ಬಿಗಿಯುತ್ತಾ ಹೋದೆ.

ಗೋಡೆ ಅಡ್ಡ ಬಂದರೂ ನಿಲ್ಲದ್ದು ಏರಿಗೆ ನಿಲ್ಲುತ್ತದೆಯೇ ಅಂತ ನೀನೂ ಯೋಚಿಸಲಿಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದ ನಾನೂ ಯೋಚಿಸಲಿಲ್ಲ.

ಟಿಲ್ಲಿ ಎದ್ದಳು. ಮಿಕ್ಕಿದ್ದು ಅವಳಿಗೆ ಸೂಪು ಕುಡಿಸಿದ ಮೇಲೆ.

ಬುಧವಾರ ಬೆಳಿಗ್ಗೆ

ನಿನ್ನೆ ಮತ್ತೆ ಕೂರಲಾಗಲಿಲ್ಲ. ಆಗಲಿಲ್ಲ ಅನ್ನುವುದು ಸುಳ್ಳು. ಮುಂದಿನ ಭಾಗ ಬರೆಯಲು ಕೈ ಬರಲಿಲ್ಲ.

ಫೆಬ್ರವರಿ ಐದು, ಗುರುವಾರ, ಬೆಳಗಿನ ಹನ್ನೊಂದು. ವಾರದ ಚಳಿ ಒಡೆದು ಬಿಸಿಲು ಬಿದ್ದಿತ್ತು. ನಿಮ್ಮಮ್ಮ ಹಲ್ಲು ತೋರಿಸಲು ಪೇಟೆಗೆ ಹೊರಟಿದ್ದರು. "ನಾನು ಬರೋ ತನಕ ಕಾಯೇ ಹುಡುಗಿ. ಹಸುಗಳೇನು ಕೈಗೆ ಗಡಿಯಾರ ಕಟ್ಕೊಂಡಿಲ್ಲ" ಅಂದರು. ನಾನು ಕಾಯಲಿಲ್ಲ. ಹಸುಗಳು ಬೇಲಿಗೆ ಎದೆ ಕೊಟ್ಟು ಅರಚುತ್ತಿದ್ದವು, ಆ ಅರಚಾಟ ನನ್ನ ತಲೆಯೊಳಗೆ ಆಗುತ್ತಿದ್ದ ಹಾಗಿತ್ತು. ಇಪ್ಪತ್ತೆರಡು ಪಿಂಡಿ ಹೇರಿದೆ. ಟಿಲ್ಲಿಯ ಕುರ್ಚಿಯನ್ನು ಸೀಟಿನ ನಡುವೆ ಕಟ್ಟಿ, ಅವಳನ್ನು ಅದರಲ್ಲಿ ಕಟ್ಟಿ, ಕೈಗೆ ಬಿಸ್ಕತ್ತು ಕೊಟ್ಟೆ. ಮೂತಿಯನ್ನು ಏರಿಯ ಕಡೆಗೆ ಇಟ್ಟೆ. ನಿಮ್ಮಪ್ಪ ಹೇಳಿದ್ದರಲ್ಲಿ ಒಂದನ್ನೂ ತಪ್ಪಿಸಲಿಲ್ಲ. ನೀನು ಗಣಿಗೆ ಹೋದ ಮೇಲೆ ಒಬ್ಬಳೇ ಮೇವು ಹಾಕಿದ್ದು ಅದೇ ಮೊದಲು. ಅಲ್ಲಿಯ ತನಕ ನಿಮ್ಮಮ್ಮ ಓಡಿಸುತ್ತಿದ್ದರು, ನಾನು ತಳ್ಳುತ್ತಿದ್ದೆ.

ಹದಿನಾಲ್ಕನೆಯ ಪಿಂಡಿ ಬಿಚ್ಚಿದ ಮೇಲೆ ಒಂದು ಹುರಿ ಕೈ ಜಾರಿ ಕೆಳಗೆ ಬಿತ್ತು. ಕಿವಿಯಲ್ಲಿ ನಲವತ್ತೊಂದರ ಚೀಟಿಯಿರುವ ಆ ಹೊಟ್ಟೆಬಾಕ ಹಸು ಅದಕ್ಕೆ ಬಾಯಿ ಹಾಕಿತು. ನಾನು ಹಾರಿ ಇಳಿದೆ. ಹುರಿ ಬಿಡಿಸಿಕೊಳ್ಳಲು ಹೆಣಗಿ ತಲೆ ಎತ್ತುವ ಹೊತ್ತಿಗೆ ಟ್ರಕ್ಕು ಮುನ್ನೂರು ಅಡಿ ಮುಂದಿತ್ತು. ಒಂದು ಹುರಿಗೆ ಅಷ್ಟು ಹೊತ್ತು ಹೇಗಾಯಿತು ಅಂತ ಕೇಳಬೇಡ. ಹಸು ಬಿಡಲಿಲ್ಲ, ಅಷ್ಟೇ. ಆಮೇಲೆ ಆ ಹುರಿ ಏನಾಯಿತೋ ನೋಡಲಿಲ್ಲ.

ಮೊದಲು ನಡೆದೆ. ನಡೆದೆ ಅನ್ನುವುದನ್ನು ಗಮನಿಸು. ಅದು ನಾನು ನಡೆಯುವುದಕ್ಕಿಂತ ನಿಧಾನ, ಹಿಡಿದುಬಿಡುತ್ತೇನೆ ಅನ್ನುವ ಭರವಸೆ ಮೈಗೆ ರೂಢಿಯಾಗಿತ್ತು. ಇಪ್ಪತ್ತು ಹೆಜ್ಜೆ ಹೋದರೂ ಹಿಂದಿನ ಗಾಜಿನಲ್ಲಿ ಕಾಣುತ್ತಿದ್ದ ಕೆಂಪು ಟೊಪ್ಪಿಗೆ ಹತ್ತಿರವಾಗಲಿಲ್ಲ. ಚಿಕ್ಕದಾಯಿತು. ಆಗ ಓಡಿದೆ. ಮೊಣಕಾಲುದ್ದ ಹಿಮ, ನಿನ್ನ ದೊಡ್ಡ ಬೂಟು. ಕಿರುಚಿದೆ. ಮೇವಿನ ಕೂಗು ಅಂದುಕೊಂಡು ಹಸುಗಳು ನನ್ನ ಹಿಂದೆ ಓಡಿಬಂದವು. ಆಮೇಲೆ ಕೂತು ಟೈರಿನ ಸುತ್ತಳತೆ, ಗೇರು, ಐಡ್ಲಿಂಗ್ ಎಲ್ಲ ಗುಣಿಸಿ ನೋಡಿದೆ. ಮೊದಲು ಗಂಟೆಗೆ ಎರಡೂವರೆ ಮೈಲಿ ತೆವಳುತ್ತಿದ್ದದ್ದು ಈಗ ನಾಲ್ಕನ್ನೂ ದಾಟುತ್ತದೆ. ಆ ಹಿಮದಲ್ಲಿ ನಾನು ಓಡಬಲ್ಲ ವೇಗವೂ ಸುಮಾರು ಅಷ್ಟೇ, ಥೇನ್.

ಏರಿ ಇದೆಯಲ್ಲ, ಏರಿ ಇದೆಯಲ್ಲ ಅಂತ ಹೇಳಿಕೊಂಡು ಓಡಿದೆ.

ಟ್ರಕ್ಕು ಏರಿಯ ಬುಡದ ತಂತಿಬೇಲಿಯನ್ನು ದಾರ ಹರಿದ ಹಾಗೆ ಹರಿಯಿತು. ಕಂಬಕ್ಕೆ ತಾಗಿ ಒಂದು ದೀಪ ಒಡೆಯಿತು. ಏರಿಗೆ ಮೂತಿ ಕೊಟ್ಟಿತು. ನಿಂತಿತು ಅಂದುಕೊಂಡೆ, ನಿಜವಾಗಿ ಒಂದು ಕ್ಷಣ ನಿಂತ ಹಾಗೇ ಕಂಡಿತು. ಆಮೇಲೆ ಆ ಹಲ್ಲಿನ ಟೈರುಗಳು ಹಿಮದ ಕೆಳಗಿನ ಮಣ್ಣನ್ನು ಕಚ್ಚಿ ಹತ್ತತೊಡಗಿದವು. ಎಂಜಿನ್ನಿಗೆ ಏದುಸಿರೂ ಇರಲಿಲ್ಲ. ಯಾರೋ ಯಾವುದೋ ಕೆಲಸಕ್ಕೆ ನೆಮ್ಮದಿಯಾಗಿ ಮೆಟ್ಟಿಲು ಹತ್ತಿದ ಹಾಗೆ ಹತ್ತಿತು. ಒಂದು ಗೇಣು, ಒಂದು ಗೇಣು. ಹಾಗೆ ಹತ್ತುವಾಗ ನಿಧಾನವಾಯಿತು, ಅದರಿಂದಲೇ ನಾನು ಮುಟ್ಟಿದೆ. ಬಾಗಿಲ ಹಿಡಿ ನನ್ನ ತಲೆಗಿಂತ ಮೇಲಿತ್ತು. ಎತ್ತರಿಸಿದ ಮೇಲೆ ಮೆಟ್ಟಿಲು ಹಾಕಿಸು ಅಂದಿದ್ದೆ, ನೀನು ಬೇಸಿಗೆಗೆ ಅಂದಿದ್ದೆ. ಮೊದಲ ಸಲ ಕೈ ಜಾರಿತು. ಎರಡನೆಯ ಸಲ ಹಿಡಿ ಸಿಕ್ಕಿತು. ಬಾಗಿಲು ತೆಗೆದೊಡನೆ ರಬ್ಬರ್ ಪಟ್ಟಿ ಕಿತ್ತುಬಂದು ಮುಖಕ್ಕೆ ಬಡಿಯಿತು. ಒಳಗೆ ಹೇಗೆ ಬಿದ್ದೆನೋ ಗೊತ್ತಿಲ್ಲ. ಕ್ಲಚ್ಚು, ಬ್ರೇಕು, ಕೀಲಿ.

ಎಂಜಿನ್ನು ಆರಿದ ಮೇಲೆ ತಲೆ ಎತ್ತಿದೆ. ಮುಂದಿನ ಗಾಜಿನ ತುಂಬ ಬರೀ ಆಕಾಶ. ಸ್ವಲ್ಪ ನಿಗುರಿ ನೋಡಿದರೆ ಕೆಳಗೆ ನದಿ, ಎರಡೂ ಬದಿ ಮಂಜುಗಡ್ಡೆ, ನಡುವೆ ಕಪ್ಪಗೆ ಹರಿಯುವ ಒಂದು ಸೀಳು. ಮುಂದಿನ ಚಕ್ರಗಳು ಏರಿಯ ನೆತ್ತಿಯಲ್ಲಿದ್ದವು. ಟಿಲ್ಲಿ ಬಿಸ್ಕತ್ತು ಮೆತ್ತಿದ ಕೈ ತಟ್ಟಿ ನನ್ನ ಮುಖ ನೋಡಿ "ಮತ್ತೆ, ಅಮ್ಮ, ಮತ್ತೆ!" ಅಂದಳು.

ಟ್ರಕ್ಕನ್ನು ಹಿಮ್ಮುಖ ಇಳಿಸಿ ಮನೆಗೆ ಹೇಗೆ ತಂದೆನೋ ನೆನಪಿಲ್ಲ. ಅರ್ಧ ಗಂಟೆಯಲ್ಲಿ ನಿಮ್ಮಮ್ಮ ಬಂದರು, ಅರ್ಧ ಬಾಯಿ ಮರಗಟ್ಟಿಕೊಂಡು. ಒಡೆದ ದೀಪ ನೋಡಿದರು, ನನ್ನನ್ನು ನೋಡಿದರು. ಹುರಿ ಬಿತ್ತು, ನಲವತ್ತೊಂದರ ಹಸು ಬಾಯಿ ಹಾಕಿತು, ಇಳಿದೆ, ಟ್ರಕ್ಕು ಏರಿಗೆ ಸ್ವಲ್ಪ ತಾಗಿತು ಅಂದೆ. ಸ್ವಲ್ಪ ಅಂತಲೇ ಅಂದೆ. ಅವರು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಕೆನ್ನೆ ಮೇಲೆ ಅದೇನೇ ಗೆರೆ?" ಅಂದರು. ರಬ್ಬರ್ ಪಟ್ಟಿ ಹೊಡೀತು ಅಂದೆ. "ರಬ್ಬರು ಹೊಡೆದ್ರೆ ಹೀಗೆ ಹೊಸೆದ ಹಾಗೆ ಗೆರೆ ಬೀಳುತ್ತೇನು?" ಅಂದು ಗಲ್ಲ ಬಿಟ್ಟರು. ಥೇನ್‌ಗೆ ನಾನೇ ಹೇಳುತ್ತೇನೆ ಅಂದೆ. "ಹೇಳು ಮತ್ತೆ. ಅವನೇನು ಚಂದ್ರಲೋಕದಲ್ಲಿಲ್ಲ, ನೆವಾಡಾದಲ್ಲಿದ್ದಾನೆ" ಅಂದರು.

ಅವತ್ತಿನಿಂದ ಮತ್ತೆ ಅವರೇ ಓಡಿಸುತ್ತಾರೆ, ಟಿಲ್ಲಿ ಅವರ ಪಕ್ಕದಲ್ಲಿ. "ಇದೇನು ಟ್ರಕ್ಕೋ ಗೂಳಿಯೋ? ನನ್ನ ಗಂಡ ಇದ್ದಿದ್ರೆ ಮಗನ ಕಿವಿ ಹಿಂಡ್ತಿದ್ದ" ಅಂತ ದಿನಾ ಬೈದುಕೊಂಡೇ ಹತ್ತುತ್ತಾರೆ. ಎಪ್ಪತ್ತರ ಮಂಡಿಗೆ ಆ ಎತ್ತರ ಸುಲಭವಲ್ಲ, ಹಾಲಿನ ಡಬ್ಬ ಬೋರಲು ಹಾಕಿ ಹತ್ತಿಸುತ್ತೇನೆ.

ಕೀಲಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೇನೆ. ಕೀಲಿ ಕೈಯಲ್ಲಿದ್ದರೂ ಟ್ರಕ್ಕಿನ ಎಂಜಿನ್ನು ಅಂಗಳದಲ್ಲಿ ತಾನಾಗಿ ಓಡುತ್ತಿರುವುದು ಕೇಳುತ್ತದೆ. ಎದ್ದು ಹೋಗಿ ನೋಡಿದರೆ ಹಿಮ ಹೊದ್ದು ಸುಮ್ಮನೆ ನಿಂತಿರುತ್ತದೆ. ಬಾನೆಟ್ಟಿನ ಮೇಲೆ ಕೈ ಇಡುತ್ತೇನೆ. ಹೀಟರಿನ ಬಿಸಿ ಇರುತ್ತದೆ, ಜ್ವರ ಬಂದ ಮಗುವಿನ ಹಣೆಯ ಹಾಗೆ. ಆ ಬಿಸಿಗೆ ವೈರು ಹೊತ್ತಿಕೊಂಡರೆ ಅನ್ನಿಸುತ್ತದೆ. ಒಳಗೆ ಬಂದು ಟಿಲ್ಲಿಯ ಮೂಗಿನ ಮುಂದೆ ಬೆರಳು ಹಿಡಿಯುತ್ತೇನೆ. ಉಸಿರು ತಾಗುತ್ತದೆ. ಮಲಗುತ್ತೇನೆ. ಇಷ್ಟರಲ್ಲಿ ಉಸಿರು ನಿಂತಿದ್ದರೆ ಅಂತ ಮತ್ತೆ ಏಳುತ್ತೇನೆ. ಇದು ಐದನೇ ತಾರೀಕಿನಿಂದ ಶುರುವಾದದ್ದು ಅಂತ ನೀನು ಅಂದುಕೊಂಡರೆ ಅಂದುಕೋ.

ನನ್ನ ಕೋರಿಕೆ ಇಷ್ಟು. ಹಳೆಯ ಟೈರುಗಳು ಕೊಟ್ಟಿಗೆಯ ಹಿಂದೆ ಹಾಗೇ ಇವೆ, ಅವನ್ನು ಹಾಕು. ಐಡ್ಲಿಂಗ್ ಇಳಿಸು. ಪಂಪಿನ ತಿರುಪನ್ನು ನಿಮ್ಮಪ್ಪ ಬಿಟ್ಟುಹೋದ ಜಾಗಕ್ಕೆ ತಿರುಗಿಸು. ಘಾಟಿಯಲ್ಲಿ ಲಾರಿಯವನು ಹಾರನ್ ಹೊಡೆದರೆ ಹೊಡೆಯಲಿ, ನಾನು ಕಣ್ಣು ಮುಚ್ಚಿ ಕೂರುತ್ತೇನೆ. ಟಿಲ್ಲಿಯ ಫೋಟೋ ಎಂಜಿನ್ ಆರಿಸಿ ತೆಗೆ, ನಿನ್ನ ಕೈ ಅವಳ ಸೊಂಟದ ಮೇಲಿರಲಿ. ಗೋಡೆಯಲ್ಲಿ ಒಂದು ಫೋಟೋದಲ್ಲಾದರೂ ಮಗುವಿನ ಪಕ್ಕ ದೊಡ್ಡವರೊಬ್ಬರು ಇರಲಿ.

ತಪ್ಪು ನಿನ್ನದು ಅಂತ ಹೇಳಲು ಬರೆದದ್ದಲ್ಲ ಇದು. ನೀನು ಹಾಗೇ ಅಂದುಕೊಳ್ಳುತ್ತೀಯ ಅಂತ ಗೊತ್ತು. ಆ ಮಂಚದ ಮೇಲೆ ಕೂತು ಒಂದೊಂದು ಬೋಲ್ಟನ್ನೂ ಮನಸ್ಸಿನಲ್ಲಿ ಬಿಚ್ಚುತ್ತಿರುತ್ತೀಯ. ಸಾಕು, ಬಿಡು. ದಾರಿಯಲ್ಲಿ ನಿಧಾನ ಬಾ. ಶನಿವಾರಕ್ಕೆ ಎಲ್ಕ್ ಜಿಂಕೆಯ ಮಾಂಸದ ಹುಳಿಯನ್ನೂ ನಿನಗಿಷ್ಟದ ಮೆತ್ತನೆ ಬ್ರೆಡ್ಡನ್ನೂ ಮಾಡಿಡುತ್ತೇನೆ.

ಬಾಗಿಲ ಕಡೆಗೇ ಕಿವಿಯಿಟ್ಟಿರುವ,
ಆಡ್ರಾ

ಮತ್ತೆ ಬರೆದದ್ದು: ಪತ್ರ ಮಡಿಸಿ ಲಕೋಟೆಗೆ ಹಾಕಿದ್ದೆ. ಅಂಚೆಗೆ ಹಾಕಲು ನಿಮ್ಮಮ್ಮನ ಕೈಗೂ ಕೊಟ್ಟಿದ್ದೆ. ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ನನ್ನ ಕಡೆ ನೋಡದೆ, "ನಲವತ್ತೊಂದರ ಹಸು ಏನಾದ್ರೂ ನುಂಗಿದೆಯೇನೋ ಅಂತ ತಲೆ ಕೆಡಿಸ್ಕೋಬೇಡ. ಅವತ್ತೇ ಕೊಕ್ಕೇಲಿರೋದು ಎಣಿಸ್ದೆ. ಹದಿನಾಲ್ಕು ಪಿಂಡಿ, ಇಪ್ಪತ್ತೆಂಟು ಹುರಿ. ಒಂದೂ ಬಿದ್ದಿಲ್ಲ" ಅಂದರು. ಆಮೇಲೆ ಲಕೋಟೆಯನ್ನು ಮೇಜಿನ ಮೇಲೆ ವಾಪಸ್ ಇಟ್ಟು, "ನಾನು ಹೋಗಿ ಟ್ರಕ್ಕು ಬಿಸಿ ಮಾಡ್ತಿರ್ತೀನಿ. ನಿಧಾನವಾಗಿ ಬಾ" ಅಂತ ಹೊರಗೆ ಹೋದರು. ಅದರ ಎಂಜಿನ್ನು ಹೊರಗೆ ಓಡುತ್ತಿದೆ, ಇವತ್ತು ನಿಜವಾಗಿ ಓಡುತ್ತಿದೆ. ಟಿಲ್ಲಿ ನನ್ನ ತೊಡೆಯ ಮೇಲಿದ್ದಾಳೆ.

ಹುರಿ ಬೀಳಲಿಲ್ಲ, ಥೇನ್. ನಾನು ಇಳಿಯಲೂ ಇಲ್ಲ. ಬಿಸಿಲು ಬೆನ್ನಿಗೆ ಹಿತವಾಗಿತ್ತು, ಹುಲ್ಲು ಬೆಚ್ಚಗಿತ್ತು, ಟ್ರಕ್ಕು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಹದಿನೈದನೆಯ ಪಿಂಡಿಯ ಹುರಿ ಬಿಚ್ಚುವ ಮೊದಲೇ ಅದರ ಮೇಲೆ ಕೆನ್ನೆ ಇಟ್ಟೆ. ಒಂದು ಗಳಿಗೆ ಅಂತ. ಎಚ್ಚರವಾದಾಗ ಹಿಮದಲ್ಲಿ ಬಿದ್ದಿದ್ದೆ. ಹಸುವೊಂದು ನನ್ನನ್ನು ಮೂಸುತ್ತಿತ್ತು.

ನಾನು ಕ್ರಿಸ್ಮಸ್ಸಿಗೂ ಮೊದಲಿನಿಂದ ಒಂದೇ ಸಮನೆ ಎರಡು ಗಂಟೆ ನಿದ್ದೆ ಮಾಡಿಲ್ಲ. ಯಾರಿಗೂ ಹೇಳಿಲ್ಲ. ಹೇಳಿದರೆ ಇವಳ ಕೈಗೆ ಮಗು ಕೊಡಬಾರದು ಅನ್ನುತ್ತೀರಿ ಅಂತ ಹೆದರಿದೆ. ಈ ಹೆದರಿಕೆಗೆ ಹಾಕಲು ಯಾವ ಬೋಲ್ಟೂ ಇಲ್ಲ ಅಂತ ನಿನಗೆ ಹೇಳಲೇ ಇಲ್ಲ.

ಶನಿವಾರ ಬಂದಾಗ ಮೊದಲು ಟ್ರಕ್ಕಿನ ಹತ್ತಿರ ಹೋಗಬೇಡ. ಒಳಗೆ ಬಾ. ಟಿಲ್ಲಿಯನ್ನು ಎತ್ತಿಕೋ. ನನ್ನನ್ನು ಏನೂ ಕೇಳಬೇಡ, ನಾನು ಮಲಗುತ್ತೇನೆ. ಎದ್ದ ಮೇಲೆ ನೀನೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಹಳೆಯ ಟೈರಿನಲ್ಲೇ ಆಗಲಿ.